ಊರಿನ ಹೈಸ್ಕೂಲಿಗೆ ಮೊದಲು ಊಟದ ಮನೆ

ನಾಸಿಕ್ ಜಿಲ್ಲೆಯ ಲಾಸಲಗಾಂವ್ ಎಂದರೆ ದೇಶಕ್ಕೆಲ್ಲ ನೆನಪಾಗುವುದು ಈರುಳ್ಳಿ. ಅಲ್ಲಿನ ಹರಾಜಿನ ದರದ ಬಿಸಿ ಬೆಂಗಳೂರಿನ ಅಡುಗೆಮನೆಗೂ ತಟ್ಟುತ್ತದೆ. ಆದರೆ ನೂರು ವರ್ಷಗಳ ಹಿಂದೆ ಆ ಸೀಮೆಯ ರೈತನ ಮಗ ಹೈಸ್ಕೂಲು ಓದಬೇಕೆಂದರೆ ಸಾಮಾನ್ಯವಾಗಿ ಊರು ಬಿಡಬೇಕಿತ್ತು.

ಆಗ ನಾಸಿಕ್, ಧಾರವಾಡಗಳೆರಡೂ ಮುಂಬೈ ಪ್ರಾಂತದಲ್ಲಿದ್ದವು. ಶಾಲೆಯ ಕಟ್ಟಳೆಯೂ ಒಂದೇ. ಹಳ್ಳಿಯ ಕಡೆ ಮರಾಠಿ ಇಲ್ಲವೇ ಕನ್ನಡ ಶಾಲೆ, ಅದರ ಕೊನೆಗೆ ಉತ್ತರ ಕರ್ನಾಟಕದ ಹಿರಿಯರು ನೆನೆಯುವ ಮುಲ್ಕಿ ಪರೀಕ್ಷೆ. ಅದು ಪಾಸಾದವರು ಪ್ರಾಥಮಿಕ ಶಾಲೆಯ ಮಾಸ್ತರರಾಗಬಹುದಿತ್ತು. ಇಂಗ್ಲಿಷ್ ಕಲಿಸಿ ಮ್ಯಾಟ್ರಿಕ್‌ಗೆ ಒಯ್ಯುವ ಹೈಸ್ಕೂಲು ಬೇರೆಯೇ ದಾರಿ. ಕಾಲೇಜು, ವಕೀಲಿ, ದೊಡ್ಡ ಹುದ್ದೆ ಎಲ್ಲವೂ ಆ ದಾರಿಯಲ್ಲಿದ್ದವು. ಅದು ಶುರುವಾಗುತ್ತಿದ್ದುದು ಪೇಟೆಯಲ್ಲಿ. ರೈತರ ದುಡಿಮೆಯಿಂದ ತುಂಬುವ ಬೊಕ್ಕಸ ಮೇಲುವರ್ಗದವರ ಉನ್ನತ ಶಿಕ್ಷಣಕ್ಕೆ ಖರ್ಚಾಗುತ್ತಿದೆ ಎಂದು ಜೋತಿರಾವ್ ಫುಲೆ 1882ರಲ್ಲೇ ಹಂಟರ್ ಆಯೋಗದ ಮುಂದೆ ಆಕ್ಷೇಪಿಸಿದ್ದರು.

ಫೀಜು ಹೇಗೋ ಹೊಂದಿಸಿದರೂ ಪೇಟೆಯಲ್ಲಿ ಹುಡುಗ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು? ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಮನೆಗಳಿದ್ದವು. ಒಕ್ಕಲುಮಕ್ಕಳಿಗೆ, ದಲಿತರ ಮಕ್ಕಳಿಗೆ ಆ ಆಸರೆಯಿರಲಿಲ್ಲ. ಹೀಗಾಗಿ ಹಳ್ಳಿಯ ಹೈಸ್ಕೂಲಿನ ಚರಿತ್ರೆ ಶುರುವಾಗುವುದು ಪೇಟೆಯ ಬೋರ್ಡಿಂಗಿನಿಂದ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಬೇರೆ ಬೇರೆ ಸಮುದಾಯಗಳಿಗೆ ವಸತಿ ನಿಲಯ ಕಟ್ಟಿಸಿದರು. 1914ರಲ್ಲಿ ನಾಸಿಕ್‌ನಲ್ಲಿ ಮರಾಠಾ ವಿದ್ಯಾ ಪ್ರಸಾರಕ ಸಮಾಜ ಹುಟ್ಟಿತು. ಅದರ ಮೊದಲ ಕೆಲಸಗಳಲ್ಲಿ ಉದಾಜಿ ಮರಾಠಾ ಬೋರ್ಡಿಂಗ್ ಒಂದು. ಕನ್ನಡಿಗರಿಗೆ ಇದು ಹೊಸ ಕತೆಯಲ್ಲ. ಸಿದ್ಧಗಂಗೆಯಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ.

ಈ ಕತೆಯನ್ನು ಮುಂದಕ್ಕೆ ಒಯ್ದವರು ಭಾವೂರಾವ್ ಪಾಟೀಲರು. 1887ರಲ್ಲಿ ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಅವರ ಪೂರ್ವಜರು ಮೂಡುಬಿದಿರೆ ಕಡೆಯ ಜೈನರು. ಅವರು 1919ರಲ್ಲಿ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ತೆರೆದರು. ಮರಾಠಿಯಲ್ಲಿ ‘ರಯತ’ ಎಂದರೆ ಪ್ರಜೆ, ಜನಸಾಮಾನ್ಯ. ಅದೇ ಮೂಲದ ಮಾತು ಕನ್ನಡದಲ್ಲಿ ‘ರೈತ’ ಆಯಿತು. 1924ರಲ್ಲಿ ಸಾತಾರಾದಲ್ಲಿ ಅವರು ಆರಂಭಿಸಿದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಂಡರು. ದವಸ ತೀರಿದಾಗ ಪತ್ನಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು.

1940ರಲ್ಲಿ ಸಾತಾರಾದಲ್ಲೇ ಮಹಾರಾಜಾ ಸಯಾಜಿರಾವ್ ಹೈಸ್ಕೂಲು ತೆರೆಯಿತು. ಹುಡುಗರು ದುಡಿದು ತಮ್ಮ ಓದಿನ ಖರ್ಚನ್ನು ತಾವೇ ಹುಟ್ಟಿಸಿಕೊಳ್ಳಬೇಕೆಂಬುದು ಪಾಟೀಲರ ಪಟ್ಟು. 1948ರಲ್ಲಿ ಗಾಂಧೀಜಿಯ ಹತ್ಯೆಯಾದ ಮೇಲೆ ಅವರ ಹೆಸರಿನಲ್ಲಿ 101 ಹೈಸ್ಕೂಲು ತೆರೆಯುವ ಸಂಕಲ್ಪವನ್ನು ಪಾಟೀಲರು ತೊಟ್ಟರು. ಅಲ್ಲಿಯವರೆಗೆ ಹುಡುಗ ಶಾಲೆಯನ್ನು ಹುಡುಕಿ ಹೋಗುತ್ತಿದ್ದ. ಇನ್ನು ಶಾಲೆಯೇ ಹಳ್ಳಿಗೆ ಬರತೊಡಗಿತು. ಪಾಟೀಲರು 1959ರಲ್ಲಿ ತೀರಿಕೊಂಡರು.

ಶಾಲೆ ಹತ್ತಿರ ಬಂದದ್ದರ ಬೆಲೆ ಹೆಚ್ಚು ಗೊತ್ತಿದ್ದುದು ಹೆಣ್ಣುಮಕ್ಕಳಿಗೆ. ಗಂಡುಮಗನನ್ನು ದೂರದ ಬೋರ್ಡಿಂಗಿಗೆ ಕಳಿಸಲು ಒಪ್ಪಿದ ಮನೆಯೂ ಮಗಳ ವಿಷಯದಲ್ಲಿ ಹಿಂದೆಗೆಯುತ್ತಿತ್ತು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಡೆದು ಹೋಗಿ ಸಂಜೆ ಮನೆ ಸೇರುವಷ್ಟು ಹತ್ತಿರ ಶಾಲೆ ಇದ್ದರೆ ಅವಳ ಓದು ಮುಂದುವರಿಯುತ್ತಿತ್ತು. ಮಕ್ಕಳು ಕಡಿಮೆ ಎಂದು ಸಣ್ಣ ಊರಿನ ಹೈಸ್ಕೂಲನ್ನು ಇನ್ನೊಂದಕ್ಕೆ ಸೇರಿಸುವ ಮಾತು ಬಂದಾಗ ಹಾಜರಿ ಪುಸ್ತಕದ ಜೊತೆಗೆ ಆ ನಡಿಗೆಯ ದೂರವನ್ನೂ ಅಳೆಯಬೇಕು.