ಸಂಗೀತಗಾರರ ವಾನಪ್ರಸ್ಥ

ವೃದ್ಧರಾದವರು ಸ್ವಗೃಹವನ್ನು ಬಿಟ್ಟು ಸಮವಯಸ್ಕರ ನಡುವೆ ವಾಸಿಸುವುದನ್ನು ನಮ್ಮವರು ಈಗಲೂ ಕುಲಕ್ಕೆ ಬಂದ ಕುಂದೆಂದೇ ಭಾವಿಸುವರು. ಮಕ್ಕಳು ನೋಡಿಕೊಳ್ಳಲಿಲ್ಲವೆಂಬ ಅಪವಾದವೊಂದು ಕಡೆ. ಇನ್ನು ಮಾಡತಕ್ಕ ಕಾರ್ಯವಾವುದೂ ಉಳಿದಿಲ್ಲವೆಂಬ ನಿರಾಶೆ ಮತ್ತೊಂದು ಕಡೆ. ಆದರೆ ಗೃಹತ್ಯಾಗವು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ಮಗನ ಮಗನನ್ನೂ ಕಂಡ ಗೃಹಸ್ಥನು ಅರಣ್ಯವನ್ನಾಶ್ರಯಿಸಬೇಕೆಂದು ಮನುಸ್ಮೃತಿಯ ಆರನೆಯ ಅಧ್ಯಾಯವು ವಿಧಿಸುತ್ತದೆ. ಅಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹಾಗೆ ಹೋದವನು ಸುಮ್ಮನೆ ಕುಳಿತಿರಬೇಕೆಂದು ಸ್ಮೃತಿಕಾರನು ಹೇಳಲಿಲ್ಲ. ನಿತ್ಯವೂ ಸ್ವಾಧ್ಯಾಯನಿರತನಾಗಿ, ಎಲ್ಲರಲ್ಲಿಯೂ ಸ್ನೇಹವುಳ್ಳವನಾಗಿ, ಕೊಡುವವನಾಗಿರಬೇಕಲ್ಲದೆ ತೆಗೆದುಕೊಳ್ಳುವವನಾಗಬಾರದೆಂದು ಹೇಳಿದನು. ಮನೆಯನ್ನು ಬಿಡಬಹುದು, ವಿದ್ಯೆಯನ್ನು ಬಿಡಲಾಗದು ಎಂಬುದು ಇದರ ತಾತ್ಪರ್ಯ.

ಈ ಶಾಸ್ತ್ರವನ್ನು ಓದಿದ ಕುರುಹಿಲ್ಲದ ಒಬ್ಬ ಪಾಶ್ಚಾತ್ಯನು ಇದಕ್ಕೆ ಸಮೀಪವಾದ ಧರ್ಮವನ್ನು ಇಟ್ಟಿಗೆ ಗಾರೆಗಳಲ್ಲಿ ಕಟ್ಟಿ ನಿಲ್ಲಿಸಿದ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಟಲಿ ದೇಶದ ಜುಸೆಪ್ಪೆ ವೆರ್ದಿಯು 1813ರಲ್ಲಿ ಬುಸ್ಸೆತೋ ಪಟ್ಟಣದ ಬಳಿಯ ರೊಂಕೊಲೆ ಎಂಬ ಹಳ್ಳಿಯಲ್ಲಿ, ಹೋಟೆಲು ನಡೆಸುತ್ತಿದ್ದವನೊಬ್ಬನ ಮಗನಾಗಿ ಜನಿಸಿದನು. ತಾರುಣ್ಯದಲ್ಲಿಯೇ ಅವನಿಗೆ ದಾರುಣವಾದ ದುಃಖ ಬಂದೊದಗಿತು: 1838ರಿಂದ 1840ರ ಒಳಗೆ ಎರಡು ಶಿಶುಗಳನ್ನೂ ಪತ್ನಿಯನ್ನೂ ಕಳೆದುಕೊಂಡನು. 1842ರಲ್ಲಿ ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರದಲ್ಲಿ 'ನಬುಕ್ಕೊ' ಎಂಬ ಸಂಗೀತನಾಟಕವು ಪ್ರದರ್ಶಿತವಾದಂದಿನಿಂದ ಅವನ ಕೀರ್ತಿ ದಿಗಂತಗಳಿಗೆ ಹರಡಿತು. 1893ರಲ್ಲಿ 'ಫಾಲ್ಸ್ಟಾಫ್' ಎಂಬ ಹಾಸ್ಯನಾಟಕವು ಅದೇ ರಂಗವನ್ನೇರಿದಾಗ ಅವನಿಗೆ ಎಪ್ಪತ್ತೊಂಬತ್ತು ವರ್ಷ ತುಂಬಿತ್ತು. ವಾರ್ಧಕ್ಯದಲ್ಲಿ ಕೆಲಸವೆಂಬುದು ಮನುಷ್ಯನನ್ನು ಹೇಗೆ ಎತ್ತಿ ಹಿಡಿಯುವುದೆಂಬುದನ್ನು ಅವನು ಸ್ವಾನುಭವದಿಂದ ಬಲ್ಲವನಾಗಿದ್ದನು.

ಆದರೆ ಅವನ ನಾಟಕಗಳಲ್ಲಿ ಹಾಡಿದವರ, ವಾದ್ಯ ನುಡಿಸಿದವರ ಪಾಡು ಹಾಗಿರಲಿಲ್ಲ. ಅಂದಿನ ಗಾಯಕರು ರಂಗಮಂದಿರದ ಗುತ್ತಿಗೆದಾರರೊಡನೆ ಒಂದೊಂದು ಋತುವಿಗೆ ಒಪ್ಪಂದ ಮಾಡಿಕೊಂಡು ಊರಿಂದೂರಿಗೆ ಅಲೆದು ಜೀವಿಸುತ್ತಿದ್ದರು. ಕಂಠವು ಕುಗ್ಗಿತೆಂದರೆ ಕರೆಯುವವರಿಲ್ಲ. ಕೂಡಿಟ್ಟ ಹಣವಿಲ್ಲದವನಿಗೆ ನಿನ್ನೆಯ ಕರತಾಡನವು ಇಂದಿನ ಅನ್ನವಾಗುವುದಿಲ್ಲವಷ್ಟೆ! ಇಂತಹ ಸಹೋದ್ಯೋಗಿಗಳಿಗಾಗಿ ವೆರ್ದಿಯು ಮಿಲಾನಿನಲ್ಲಿ ಭೂಮಿಯನ್ನು ಕೊಂಡು, ಕಮಿಲ್ಲೊ ಬೊಯ್ತೊ ಎಂಬ ಶಿಲ್ಪಿಯಿಂದ ವಿಶಾಲವಾದ ಭವನವೊಂದನ್ನು ಕಟ್ಟಿಸಿದನು. ಕಟ್ಟಡವು 1899ರಲ್ಲಿ ಪೂರ್ಣವಾಯಿತು. ಅರುವತ್ತೈದು ವರ್ಷ ದಾಟಿದ, ಸಂಗೀತವೇ ವೃತ್ತಿಯಾಗಿದ್ದ, ಕಷ್ಟದಲ್ಲಿರುವ ಸ್ತ್ರೀಪುರುಷರಿಗೆ ಅಲ್ಲಿ ಆಶ್ರಯವೆಂದು ಗೊತ್ತುಮಾಡಿದನು. ತನ್ನ ಕೃತಿಗಳಿಂದ ಮುಂದೆ ಬರತಕ್ಕ ಗೌರವಧನವನ್ನು ಅದಕ್ಕೆ ಬರೆದಿಟ್ಟನು. ತಾನು ರಚಿಸಿದುದೆಲ್ಲದರಲ್ಲಿ ಈ ಮನೆಯೇ ತನಗೆ ಅತ್ಯಂತ ಪ್ರಿಯವಾದುದೆಂದು ಮಿತ್ರನೊಬ್ಬನಿಗೆ ಬರೆದನು.

ಆದರೂ ತಾನು ಬದುಕಿರುವಾಗ ಅದರ ಬಾಗಿಲನ್ನು ತೆರೆಯಗೊಡಲಿಲ್ಲ! ಒಳಗೆ ಬಂದವರು ತನಗೆ ಕೈಮುಗಿದು ಕೃತಜ್ಞತೆ ಹೇಳುವುದು ಅವನಿಗೆ ಬೇಕಿರಲಿಲ್ಲ. 1901ರ ಜನವರಿ 27ರಂದು ಅವನು ಕಾಲವಾದನು. ಒಂದು ತಿಂಗಳ ತರುವಾಯ ಅವನ ಮತ್ತು ಎರಡನೆಯ ಪತ್ನಿ ಜುಸೆಪ್ಪಿನಾಳ ಶರೀರಗಳನ್ನು ಆ ಭವನದ ನೆಲಮಾಳಿಗೆಗೆ ಮೆರವಣಿಗೆಯಲ್ಲಿ ತಂದರು. ತೊಸ್ಕನೀನಿಯ ನೇತೃತ್ವದಲ್ಲಿ ನೂರಾರು ಮಂದಿ 'ನಬುಕ್ಕೊ'ದ ಮೇಳಗೀತವನ್ನು ಹಾಡಿದರು. 1902ರ ಅಕ್ಟೋಬರ್ 10ರಂದು, ಅವನ ಜನ್ಮದಿನದಂದೇ, ಮನೆಯ ಬಾಗಿಲು ತೆರೆಯಿತು. ಅಂದಿನಿಂದ ಸಾವಿರಕ್ಕೂ ಮಿಗಿಲಾದ ಕಲಾವಿದರು ಅಲ್ಲಿ ತಮ್ಮ ಸಂಧ್ಯಾಕಾಲವನ್ನು ಕಳೆದಿದ್ದಾರೆ.

ಅಲ್ಲಿ ವಾಸಿಸುವವರನ್ನು ಆಶ್ರಿತರೆಂದು ಕರೆಯುವ ವಾಡಿಕೆಯಿಲ್ಲ, ಅತಿಥಿಗಳೆಂದು ಕರೆಯುವರು. ಒಂದು ಪದದ ಭೇದವಷ್ಟೆ ಎನ್ನಬಹುದು. ಆದರೆ ಅನ್ನದ ಋಣದಿಂದ ತಲೆ ಬಗ್ಗಿಸಿ ಬದುಕುವುದಕ್ಕೂ ತಲೆಯೆತ್ತಿ ಬದುಕುವುದಕ್ಕೂ ಇರುವ ಅಂತರವೆಲ್ಲವೂ ಆ ಪದದಲ್ಲಿ ಅಡಗಿದೆ. ಅಲ್ಲಿ ಪಿಯಾನೋಗಳುಂಟು, ಅಭ್ಯಾಸದ ಕೊಠಡಿಗಳುಂಟು, ಕಚೇರಿ ನಡೆಯುವ ಸಭಾಂಗಣವುಂಟು. 1984ರಲ್ಲಿ ಡೇನಿಯಲ್ ಶ್ಮಿಡ್ ಎಂಬ ಸ್ವಿಸ್ ನಿರ್ದೇಶಕನು ಈ ಮನೆಯನ್ನು ಕುರಿತು ಚಲನಚಿತ್ರವೊಂದನ್ನು ತಯಾರಿಸಿದನು. ಹಿಂದೊಮ್ಮೆ ಪ್ರಸಿದ್ಧಳಾಗಿದ್ದ ಸಾರಾ ಸ್ಕುದೇರಿ ಮೊದಲಾದ ವೃದ್ಧಕಲಾವಿದರು ಅದರಲ್ಲಿ ತಮ್ಮ ಹಳೆಯ ಪಾತ್ರಗಳನ್ನು ಹಾಡಿ ಅಭಿನಯಿಸುತ್ತಾರೆ. ಕಂಠ ನಡುಗುತ್ತದೆ, ಆದರೆ ಗತ್ತು ತಗ್ಗುವುದಿಲ್ಲ.

ವೆರ್ದಿಯ ಕೃತಿಗಳ ಹಕ್ಕುಗಳು 1960ರ ದಶಕದ ಆರಂಭದಲ್ಲಿ ಮುಗಿದುವು. ಬಳಿಕ ದಾನಿಗಳ ನೆರವಿನಿಂದಲೂ ಅತಿಥಿಗಳು ಯಥಾಶಕ್ತಿ ಕೊಡುವ ಹಣದಿಂದಲೂ ಮನೆ ನಡೆಯುತ್ತಿದೆ. 1990ರ ದಶಕದ ಕೊನೆಯಿಂದ ಸಂಗೀತ ಕಲಿಯುವ ತರುಣ ತರುಣಿಯರಿಗೂ ಅಲ್ಲಿ ವಸತಿ ಕೊಡಲಾಗಿದೆ. ಅವರು ಹಿರಿಯರೊಡನೆ ಒಂದೇ ಭೋಜನಶಾಲೆಯಲ್ಲಿ ಉಣ್ಣುತ್ತಾರೆ, ಅವರ ಮುಂದೆ ಹಾಡಿ ತಪ್ಪು ತಿದ್ದಿಸಿಕೊಳ್ಳುತ್ತಾರೆ. ಸ್ಮೃತಿಕಾರನು ಹೇಳಿದ ಸ್ವಾಧ್ಯಾಯ, ಸ್ನೇಹ, ದಾನ ಮೂರೂ ಇಲ್ಲಿ ಒಂದೇ ಸೂರಿನಡಿ ನೆರವೇರುತ್ತಿವೆಯಲ್ಲವೇ?

ನಮ್ಮ ನಾಡಿನ ನಗರಗಳಲ್ಲಿಯೂ ವೃದ್ಧರ ವಸತಿಗಳು ಈಗ ಹೆಚ್ಚುತ್ತಲಿವೆ. ಅವುಗಳನ್ನು ಸ್ಥಾಪಿಸುವವರು ಊಟ, ಔಷಧ, ಹಾಸಿಗೆಗಳ ಚಿಂತೆಯನ್ನು ಮಾಡುವುದು ಯುಕ್ತವೇ. ಆದರೆ ಇಲ್ಲಿಗೆ ಬರುವವನು ಏನನ್ನು ಬಲ್ಲನು, ಅದನ್ನು ಯಾರಿಗೆ ಕೊಡುವನು ಎಂಬ ಪ್ರಶ್ನೆಯನ್ನೂ ಅವರು ಕೇಳಿಕೊಳ್ಳಬೇಕು. ಮೂರು ದಶಕಗಳಿಗೂ ಮೀರಿ ಮಕ್ಕಳಿಗೆ ಶಬ್ದರೂಪಗಳನ್ನು ಹೇಳಿಕೊಟ್ಟ ನನ್ನಂಥವನಿಗೆ, ಮೆತ್ತನೆಯ ಹಾಸಿಗೆಗಿಂತ, ಸಂಜೆಯ ವೇಳೆಗೆ ಪುಸ್ತಕ ಹಿಡಿದು ಬರುವ ಒಬ್ಬ ಬಾಲಕನೇ ಹೆಚ್ಚಿನ ವಿಶ್ರಾಂತಿಯನ್ನು ಕೊಟ್ಟಾನು.