ಮೂಲದಾಳಿನಿಂದ ಸಾಲದಾಳಿಗೆ: ಪುತ್ತೂರು ಸೀಮೆಯ ಗುಲಾಮಗಿರಿಯ ಕುರಿತು ಒಂದು ಟಿಪ್ಪಣಿ

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಆ ದಿನವನ್ನು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಅದಕ್ಕೆ ಮೂರು ತಿಂಗಳು ಮೊದಲು, ಏಪ್ರಿಲ್ 7ರಂದು, ಕಂಪನಿ ಸರಕಾರ ಆ ವರ್ಷದ ಐದನೆಯ ಕಾಯಿದೆಯನ್ನು ಹೊರಡಿಸಿತ್ತು. ಗುಲಾಮರ ಮೇಲಿನ ಒಡೆತನಕ್ಕೆ ಭಾರತದ ಕೋರ್ಟುಗಳಲ್ಲಿ ಇನ್ನು ಬೆಲೆಯಿಲ್ಲ ಎಂದು ಸಾರಿದ ಕಾಯಿದೆ ಅದು. ಅದನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಆಚರಿಸುವುದಿಲ್ಲ. ಆಚರಿಸಲು ಕಾರಣವೂ ಕಡಿಮೆ ಎಂಬುದು ಈ ಟಿಪ್ಪಣಿಯ ವಾದ. ಇಲ್ಲಿ ಗುಲಾಮಗಿರಿ ಕಾಯಿದೆಯಿಂದ ಮುಗಿಯಲಿಲ್ಲ, ಸಾಲದ ಲೆಕ್ಕಕ್ಕೆ ವರ್ಗವಾಯಿತು.

ಉಪ್ಪಿನಂಗಡಿ ಮತ್ತು ಕಡಬದ ನಡುವಿನ ಪೆರಾಬೆಯಂಥ ಗ್ರಾಮವನ್ನು ಮುಂದಿಟ್ಟುಕೊಂಡರೆ ಈ ಚರಿತ್ರೆಯನ್ನು ಎಲ್ಲಿ ಹುಡುಕಬೇಕು ಎಂಬುದು ಸ್ಪಷ್ಟವಾಗುತ್ತದೆ. ಪೆರಾಬೆ ಇಂದು ಕಡಬ ತಾಲೂಕಿನಲ್ಲಿದೆ, ನಿನ್ನೆ ಮೊನ್ನೆಯವರೆಗೆ ಪುತ್ತೂರಿನಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಕಾಗದಗಳಲ್ಲಿ ಈ ಸೀಮೆಗೆಲ್ಲ ಉಪ್ಪಿನಂಗಡಿ ತಾಲೂಕು ಎಂದೇ ಹೆಸರು. ಅಂದಿನ ಬರಹಗಳಲ್ಲಿ ಬರುವ ಜಾತಿಯ ಹೆಸರನ್ನು, ಆ ಬರಹಗಳ ಮಾತು ಬಂದಲ್ಲಿ ಮಾತ್ರ, ಇದ್ದಂತೆಯೇ ಉಳಿಸಿಕೊಂಡಿದ್ದೇನೆ.

ಮೊದಲ ವಿವರವಾದ ಸಾಕ್ಷಿ ಫ್ರಾನ್ಸಿಸ್ ಬುಕನನ್‌ನದು. ಟಿಪ್ಪು ಬಿದ್ದ ಮೇಲೆ, 1799ರಲ್ಲಿ, ಕೆನರಾ ಕಂಪನಿಯ ಕೈಸೇರಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಹೊರಟ ಈ ವೈದ್ಯ 1801ರ ಆರಂಭದಲ್ಲಿ ತುಳುನಾಡನ್ನು ಹಾದುಹೋದ. ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಬೇಸಾಯಕ್ಕೆ ಇಲ್ಲಿ ಎರಡು ಬಗೆಯ ಆಳುಗಳೆಂದು ಅವನು ಬರೆದುಕೊಂಡಿದ್ದಾನೆ: ಕೂಲಿಯಾಳು ಮತ್ತು ಮೂಲದಾಳು. ಎರಡನೆಯವನು ಕೊಂಡು ತಂದವನು. ಮೂಲದಾಳಿಗೆ ದಿನಕ್ಕೆ ಒಂದೂವರೆ ಹಾನೆ ಅಕ್ಕಿ, ಅಂದರೆ ಕೂಲಿಯಾಳಿನ ಪಾಲಿನ ಮುಕ್ಕಾಲು. ಹೆಂಗಸಿಗೆ ಒಂದು ಹಾನೆ. ಗಂಡಸಿಗೆ ವರ್ಷಕ್ಕೆ ಒಂದೂವರೆ ರೂಪಾಯಿಯ ಬಟ್ಟೆ ಮತ್ತು ಎರಡು ರೂಪಾಯಿ ನಗದು, ಹೆಂಗಸಿಗೆ ಬಟ್ಟೆ ಮಾತ್ರ. ಮೇಲೆ ಒಂದಿಷ್ಟು ಉಪ್ಪು, ಎಣ್ಣೆ. ಒಳ್ಳೆಯ ಆಳಿನ ಬೆಲೆ 10 ವರಾಹ. ಆಳನ್ನು ಬಾಡಿಗೆಗೆ ಕೊಡಬಹುದಿತ್ತು, ಅಡವಿಡಬಹುದಿತ್ತು. ಅಡವಿಟ್ಟ ಆಳು ಸತ್ತರೆ ಸಾಲವೂ ಅಲ್ಲಿಗೆ ತೀರಿದಂತೆ. ಈ ಕೊನೆಯ ಕಟ್ಟಳೆಯನ್ನು ಬುಕನನ್ ಮೆಚ್ಚಿಕೊಳ್ಳುತ್ತಾನೆ! ಮನುಷ್ಯನನ್ನು ಅಡವಿಡುವ ಪದ್ಧತಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಸಾಲಗಾರನಿಗಾಗುವ ಅನುಕೂಲ.

ಇದೇ ಭಾಗದಲ್ಲಿ, ಓದುವಾಗ ಸುಲಭವಾಗಿ ದಾಟಿಹೋಗುವ ಒಂದು ವಿವರವಿದೆ. ಆಳು ಮದುವೆಯಾಗಬೇಕೆಂದರೆ ಖರ್ಚಿಗೆ ಧಣಿಯಿಂದ 5 ವರಾಹ ಸಿಗುತ್ತಿತ್ತು. ಆಳಿನ ಬೆಲೆಯ ಅರ್ಧ ಅದು. ಇದನ್ನು ಧಣಿಯ ಉದಾರತೆ ಎಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮದುವೆಯಾದ ಹೆಣ್ಣು ಗಂಡನ ಧಣಿಯ ಗದ್ದೆಯಲ್ಲಿ ದುಡಿಯುತ್ತಿದ್ದಳು. ಹೆಂಡತಿ ಹುಟ್ಟಿನಿಂದ ಸ್ವತಂತ್ರಳಾಗಿದ್ದು ಎರಡು ಮೂರು ಮಕ್ಕಳಿದ್ದರೆ ಆಳಿನ ಬೆಲೆ ಇಮ್ಮಡಿಯಾಗುತ್ತಿತ್ತೆಂದು ಬುಕನನ್ನೇ ಹೇಳುತ್ತಾನೆ. 5 ವರಾಹ ಹೂಡಿದ ಧಣಿಗೆ 10 ವರಾಹದ ಆಳು 20 ವರಾಹದ ಸಂಸಾರವಾಗುತ್ತಿತ್ತು. ಈ ಮದುವೆಯ ಹಣವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದೇ ಬೇರೆ ವೇಷದಲ್ಲಿ ಎದುರಾಗುತ್ತದೆ.

ಮಕ್ಕಳು ಯಾರ ಪಾಲು? ಹೆಂಡತಿಯೂ ಆಳಾಗಿದ್ದರೆ, ಗಂಡ ಸತ್ತ ಮೇಲೆ ಮಕ್ಕಳು ತಾಯಿಯ ಕಡೆಯ ಧಣಿಗೆ ಸೇರುತ್ತಿದ್ದರು. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ನಾಡಿನಲ್ಲಿ ಇದು ಸಹಜವೆಂದೇ ತೋರಬಹುದು. ಕಷ್ಟಕ್ಕೆ ಸಿಕ್ಕಿದ ಕೆಳಜಾತಿಯ ಸ್ವತಂತ್ರರು ಸೋದರಿಯ ಮಕ್ಕಳನ್ನು ಮಾರುತ್ತಿದ್ದರೇ ಹೊರತು ತಮ್ಮ ಮಕ್ಕಳನ್ನಲ್ಲ. ಆ ಮಕ್ಕಳ ಮೇಲಿನ ಅಧಿಕಾರ ಅವರ ಸೋದರಮಾವನದು. ಅಮೆರಿಕದ ವರ್ಜೀನಿಯಾ 1662ರಲ್ಲೇ ಮಗುವಿನ ಸ್ಥಿತಿ ತಾಯಿಯಂತೆ ಎಂದು ಕಾನೂನು ಮಾಡಿತ್ತು. ಹೊರನೋಟಕ್ಕೆ ಎರಡೂ ಒಂದೇ. ಆದರೆ ವರ್ಜೀನಿಯಾದಲ್ಲಿ ಉಳಿದವರೆಲ್ಲರ ವಂಶ ತಂದೆಯಿಂದ ನಡೆಯುತ್ತಿತ್ತು, ಗುಲಾಮ ಹೆಂಗಸಿನ ಮಗುವಿಗಷ್ಟೇ ಬೇರೆ ನಿಯಮ. ಬಿಳಿಯ ಒಡೆಯನಿಂದ ಹುಟ್ಟಿದ ಮಗುವೂ ಹೀಗೆ ಅವನ ಸೊತ್ತಾಗುತ್ತಿತ್ತು. ತುಳುನಾಡಿನಲ್ಲಿ ಧಣಿಯ ಬೀಡಿಗೂ ಆಳಿನ ಗುಡಿಸಲಿಗೂ ಬಹುಮಟ್ಟಿಗೆ ಒಂದೇ ಕಟ್ಟು. ವರ್ಜೀನಿಯಾವನ್ನೂ ತುಳುನಾಡನ್ನೂ ಸಮೀಕರಿಸುವ ಆತುರ ನಮ್ಮ ಕೆಲವು ಬರಹಗಳಲ್ಲಿದೆ, ಅದು ಬೇಡ.

ಅಮೆರಿಕದಲ್ಲಿ ರಾಜ್ಯವೇ ಗುಲಾಮರನ್ನು ಲೆಕ್ಕವಿಟ್ಟಿತು. 1787ರ ಸಂವಿಧಾನ, ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ, ಐದು ಗುಲಾಮರನ್ನು ಮೂವರೆಂದು ಎಣಿಸಿತು. 1790ರ ಮೊದಲ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು. ಮತ ಹಾಕಲಾಗದವನ ತಲೆ ಅವನ ಒಡೆಯನ ರಾಜ್ಯಕ್ಕೆ ಹೆಚ್ಚಿನ ಸ್ಥಾನ ತಂದುಕೊಟ್ಟಿತು. ಹಾಗಾಗಿ ಅಲ್ಲಿ ಗುಲಾಮಗಿರಿ ಮೊದಲಿನಿಂದಲೂ ರಾಜಕೀಯದ ನಡುಮನೆಯಲ್ಲೇ ಇತ್ತು. ಇಲ್ಲಿ ಹಾಗಲ್ಲ, ಲೆಕ್ಕ ಸಿಗುವುದು ಕಂದಾಯದ ಕಾಗದಗಳಲ್ಲಿ. ಕೆನರಾದ ಕಲೆಕ್ಟರ್ ಹ್ಯಾರಿಸ್ 1819ರಲ್ಲಿ ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ಉತ್ತರದಲ್ಲಿ ಜಿಲ್ಲೆಯ ಗುಲಾಮರು ಸುಮಾರು 82,000 ಎಂದು ತಿಳಿಸಿದರು. ಮುಂದೆ ಎಲ್ಲರೂ ಎತ್ತಿಕೊಂಡ ಅಂಕಿ ಇದು. ಮದ್ರಾಸ್ ಆಧಿಪತ್ಯದ ಕೃಷಿ ಕೂಲಿಗಳ ಬಗ್ಗೆ ಧರ್ಮಾ ಕುಮಾರ್ 1965ರಲ್ಲಿ ಪ್ರಕಟಿಸಿದ ಪುಸ್ತಕ, ಭೂಮಿಯಿಲ್ಲದ ಕೂಲಿ ವರ್ಗ ಬ್ರಿಟಿಷರ ಸೃಷ್ಟಿಯಲ್ಲ, ಅದಕ್ಕೂ ಹಿಂದಿನದು ಎಂದು ವಾದಿಸಿದ್ದೂ ಇಂಥ ವರದಿಗಳ ಬಲದಿಂದಲೇ.

ಆದರೆ ನಮ್ಮ ಸೀಮೆಯ ಮಟ್ಟಿಗೆ ಈ 82,000ದಲ್ಲಿ ಒಂದು ತೂತಿದೆ. 1819ರಲ್ಲಿ ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳು ಕೆನರಾದಲ್ಲಿರಲಿಲ್ಲ, ಕೊಡಗಿನ ಅರಸರ ಕೈಯಲ್ಲಿದ್ದವು. ಕಂಪನಿ ಅವು ಕೆನರಾಕ್ಕೆ ಸೇರುವಂತೆ ಮಾಡಿದ್ದು 1834ರಲ್ಲಿ, ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ. ಅಂದರೆ ಆ ಮಾಗಣೆಗಳ ಮೂಲದಾಳುಗಳು ಹ್ಯಾರಿಸರ ಲೆಕ್ಕಕ್ಕೆ ಸೇರಿರಲಾರರು. ಕೊಡಗಿನಲ್ಲಿ ಕಟ್ಟಳೆಯೂ ಬೇರೆ: ಅಲ್ಲಿ ಭೂಮಿಯೊಂದಿಗೇ ಕೈಬದಲಾಗುವ ಆಳುಗಳು ಭೂಮಿಜಮ್ಮದವರು, ಭೂಮಿಯಿಂದ ಬಿಡಿಸಿ ಮಾರಬಹುದಾದವರು ಒಕ್ಕಲುಜಮ್ಮದವರು. ಆದ್ದರಿಂದ ಪೆರಾಬೆ, ಪಂಜ, ಬೆಳ್ಳಾರೆಯ ಆಸುಪಾಸಿನ ದುಡಿಮೆಗಾರರ ಚರಿತ್ರೆ ಬರೆಯುವವರು ಮಂಗಳೂರಿನ ಕಾಗದ ಮಾತ್ರ ನೋಡಿ ಕೈತೊಳೆದುಕೊಳ್ಳುವಂತಿಲ್ಲ, ಮಡಿಕೇರಿಯ ಕಾಗದವನ್ನೂ ನೋಡಬೇಕು.

ಮಾಗಣೆಗಳ ಈ ವರ್ಗಾವಣೆಯ ಬೆನ್ನಿಗೇ ಕಂಪನಿಯ ವಿರುದ್ಧ 1837ರ ದಂಗೆ ಬಂತು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು ದಾಟಿ, ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರು ಹಿಡಿದ, ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹೆಸರಾದ ಆ ದಂಗೆಯ ಬಗ್ಗೆ ಈಗ ಬೇಕಾದಷ್ಟು ಬರಹಗಳಿವೆ, ಸ್ಮಾರಕವೂ ಇದೆ. ದಂಗೆಯವರು ಜನರಿಗೆ ಕೊಟ್ಟ ಭರವಸೆ ಕಂದಾಯ ಮಾಫಿ, ಉಪ್ಪು ಮತ್ತು ಹೊಗೆಸೊಪ್ಪಿನ ಸುಂಕದಿಂದ ಬಿಡುಗಡೆ. ರೈತನಿಗೆ ತಟ್ಟಿದ್ದ ಸಂಕಟಗಳು ಇವು, ನಿಜ. ಗದ್ದೆಯಲ್ಲಿ ಮಂಡಿಯುದ್ದ ಕೆಸರಿನಲ್ಲಿ ನಿಂತವನ ವಿಷಯ ಆ ಭರವಸೆಗಳಲ್ಲಿಲ್ಲ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡಿನಿಂದ ಗುಲಾಮ ವ್ಯಾಪಾರವನ್ನು ಖಂಡಿಸುವ ಭಾಗವನ್ನು ಹೊಡೆದುಹಾಕಿದ್ದರು. ಇಲ್ಲಿ ಹೊಡೆದುಹಾಕುವ ಅಗತ್ಯವೂ ಬೀಳಲಿಲ್ಲ. ಇದನ್ನು ಹೇಳಿದರೆ ದಂಗೆಯ ಹಿರಿಮೆ ಕುಂದುತ್ತದೆಂದು ನಾನು ತಿಳಿದಿಲ್ಲ.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದಾಗ ಕಂಪನಿಯ ಸೀಮೆಯನ್ನು ಬೇಕೆಂದೇ ಹೊರಗಿಟ್ಟಿತು. ಆ ಮೌನವನ್ನು ಅಮೆರಿಕದ ನೆಲದಿಂದ ಮುರಿದವರಲ್ಲಿ ಒಬ್ಬ ವಿಲಿಯಂ ಆಡಂ. ಬಂಗಾಳದ ಶಾಲೆಗಳ ಕುರಿತ ವರದಿಗಳಿಂದ ನಮಗೆ ಪರಿಚಿತನಾದ, ರಾಮಮೋಹನರಾಯರ ಗೆಳೆಯನಾಗಿದ್ದ ಈತ ಮುಂದೆ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕನಾದ. ಬ್ರಿಟಿಷ್ ಭಾರತದ ಗುಲಾಮಗಿರಿಯ ಕಾನೂನು, ಕಟ್ಟಳೆಗಳ ಬಗ್ಗೆ ಪತ್ರರೂಪದ ಪುಸ್ತಕವೊಂದನ್ನು 1840ರಲ್ಲಿ ಬೋಸ್ಟನ್ನಿನಲ್ಲಿ ಪ್ರಕಟಿಸಿದ. ಕಂಪನಿಯ ಸೀಮೆಯ ಗುಲಾಮರ ಮಾತು ಹೀಗೆ ಅಮೆರಿಕದ ವಿಮೋಚನಾವಾದಿಗಳ ಮೇಜಿಗೆ ಬಂತು. ಇತ್ತ ಭಾರತದಲ್ಲಿ ಗುಲಾಮಗಿರಿಯ ಕುರಿತ ಲಾ ಕಮಿಷನ್ನಿನ ವರದಿ 1841ರಲ್ಲಿ ಬಂತು, ಕಾಯಿದೆ 1843ರಲ್ಲಿ.

ಕಾಯಿದೆಯಲ್ಲಿದ್ದದ್ದು ನಾಲ್ಕೇ ಕಲಮು. ಕೋರ್ಟಿನ ಡಿಕ್ರಿಗಾಗಲೀ ಕಂದಾಯದ ಬಾಕಿಗಾಗಲೀ ಅಧಿಕಾರಿಗಳು ಮನುಷ್ಯರನ್ನು ಮಾರಕೂಡದು. ಗುಲಾಮನೆಂಬ ಆಧಾರದ ಹಕ್ಕನ್ನು ಕೋರ್ಟು ಮನ್ನಿಸಕೂಡದು. ಗುಲಾಮನೆಂಬ ಕಾರಣಕ್ಕೆ ಯಾರ ಗಳಿಕೆಯನ್ನೂ ಕಿತ್ತುಕೊಳ್ಳಕೂಡದು. ಸ್ವತಂತ್ರನಿಗೆ ಮಾಡಿದರೆ ಅಪರಾಧವಾಗುವಂಥದ್ದು ಗುಲಾಮನಿಗೆ ಮಾಡಿದರೂ ಅಪರಾಧವೇ. ಗುಲಾಮನನ್ನು ಇಟ್ಟುಕೊಂಡವನಿಗೆ ಶಿಕ್ಷೆಯ ಮಾತಿಲ್ಲ. ಕೊಳ್ಳುವುದು ಮಾರುವುದು ಶಿಕ್ಷಾರ್ಹವಾದದ್ದು 1862ರ ಜನವರಿಯಲ್ಲಿ ಜಾರಿಗೆ ಬಂದ ದಂಡ ಸಂಹಿತೆಯ 370 ಮತ್ತು 371ನೆಯ ಕಲಮುಗಳಿಂದ. ಅಮೆರಿಕದ ಉತ್ತರದ ರಾಜ್ಯಗಳೂ ನಿಧಾನದ ದಾರಿ ಹಿಡಿದಿದ್ದವು: ಪೆನ್ಸಿಲ್ವೇನಿಯಾದ 1780ರ ಕಾನೂನಿನಂತೆ ಗುಲಾಮ ತಾಯಿಗೆ ಹುಟ್ಟಿದ ಮಗು 28 ವರ್ಷದವರೆಗೆ ಒಡೆಯನಲ್ಲಿ ದುಡಿದು ಬಿಡುಗಡೆ ಪಡೆಯಬೇಕಿತ್ತು. ಅಲ್ಲಿ 28 ಎಂಬ ಗಡಿಯಾದರೂ ಇತ್ತು. ನಮ್ಮ ಕಾಯಿದೆ ಬಿಡುಗಡೆಯ ದಿನವನ್ನೇ ಹೇಳಲಿಲ್ಲ, ಹಳ್ಳಿಯ ಆಳಿಗೆ ಅದನ್ನು ಓದಿ ಹೇಳುವವರೂ ಇರಲಿಲ್ಲ.

ಆಮೇಲೆ ಏನಾಯಿತೆಂಬುದಕ್ಕೆ ಉತ್ತಮ ಸಾಕ್ಷಿ 1894ರಲ್ಲಿ ಹೊರಬಂದ ಸ್ಟರಾಕ್‌ರ ದಕ್ಷಿಣ ಕೆನರಾ ಜಿಲ್ಲಾ ಕೈಪಿಡಿ. ಮುಂದೆ ಥರ್ಸ್ಟನ್ ತನ್ನ ಜಾತಿ ಸಂಪುಟಗಳಲ್ಲಿ ಇದೇ ಭಾಗವನ್ನು ಬಳಸಿಕೊಂಡ. ಜಿಲ್ಲೆಯ ಕೃಷಿ ಕೂಲಿಗಳಲ್ಲಿ ಎರಡು ಬಗೆ ಎನ್ನುತ್ತದೆ ಕೈಪಿಡಿ: ಮೂಲವರ್ಗದ ಜಮೀನಿಗೆ ವಂಶಪಾರಂಪರ್ಯವಾಗಿ ಅಂಟಿಕೊಂಡ ‘ಮೂಲದ ಹೊಲೆಯ’ರು, ಸಾಲದಿಂದ ಧಣಿಗೆ ಕಟ್ಟುಬಿದ್ದ ‘ಸಾಲದ ಹೊಲೆಯ’ರು. ಈಗ ಇಬ್ಬರ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ, ಮೂಲದವನು ಗುಲಾಮನಲ್ಲವಾದರೂ ಸಾಲದವನಷ್ಟೇ ಸಾಲದಲ್ಲಿದ್ದಾನೆ, ಹೊಸ ಧಣಿ ಆ ಸಾಲವನ್ನು ವಹಿಸಿಕೊಂಡರೆ ಮಾತ್ರ ಅವನು ಜಾಗ ಬದಲಿಸಬಲ್ಲ ಎಂದೂ ಅದು ಸೇರಿಸುತ್ತದೆ.

ಧಣಿ ಬದಲಾಗುವಾಗ ಹೊಸಬ ಹಳಬನಿಗೆ ಹಣ ಕೊಡುತ್ತಾನೆ, ಆಳು ಹೊಸಬನ ಅಂಗಳಕ್ಕೆ ಬರುತ್ತಾನೆ. ಇದನ್ನು 1801ರಲ್ಲಿ ಮಾರಾಟ ಎನ್ನುತ್ತಿದ್ದರು. 1894ರಲ್ಲಿ ಅದು ಸಾಲದ ವರ್ಗಾವಣೆ, ಕೋರ್ಟಿನಲ್ಲಿಯೂ ನಿಲ್ಲುವಂಥದ್ದು. ಬುಕನನ್ ಕಂಡ 5 ವರಾಹದ ಮದುವೆ ಹಣಕ್ಕೂ ಹೀಗೇ ಆಗಿರಬೇಕೆಂದು ನನ್ನ ಊಹೆ. ಆಳು ಸೊತ್ತಾಗಿದ್ದಾಗ ಅವನ ಮದುವೆಗೆ ಕೊಟ್ಟದ್ದನ್ನು ವಸೂಲು ಮಾಡುವ ಪ್ರಶ್ನೆಯಿರಲಿಲ್ಲ. ಸೊತ್ತಲ್ಲವೆಂದಾದ ಮೇಲೆ ಅದೇ ಹಣ ಅವನ ಹೆಸರಿನಲ್ಲಿ ಸಾಲವಾಗಿ ಕುಳಿತಿತು. ಅಂತರ್ಯುದ್ಧದ ನಂತರ ಅಮೆರಿಕದ ದಕ್ಷಿಣದಲ್ಲಿ ಪಾಲುಗಾರಿಕೆಯ ಮುಂಗಡ ಮಾಡಿದ ಕೆಲಸವೂ ಇದೇ.

ಸುಧಾರಕರಲ್ಲಿ ಇದನ್ನು ಸರಿಯಾಗಿ ಅರ್ಥಮಾಡಿಕೊಂಡವರು ಕುದ್ಮುಲ್ ರಂಗರಾಯರು (1859–1928). ಅವರು 1897ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶಾಲೆಯ ಜತೆಗೆ ಕಸುಬನ್ನೂ ಮನೆ ಕಟ್ಟಲು ಜಾಗವನ್ನೂ ಹಿಡಿದುಕೊಂಡಿತು. ಧಣಿಯ ಜಾಗದಲ್ಲಿ ಗುಡಿಸಲಿರುವವನು ಧಣಿಗೆ ಎದುರಾಡಲಾರ ಎಂಬ ಸರಳ ತಿಳಿವಳಿಕೆ ಅದರ ಹಿಂದೆ ಇತ್ತು. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದಾಗ ಕಥೆಯ ಬೆನ್ನೆಲುಬಾದದ್ದೂ ಇವೇ ಎರಡು, ತೀರದ ಸಾಲ ಮತ್ತು ಸಿಗದ ಬೇಸಾಯ.

1974ರ ಭೂಸುಧಾರಣೆ ತಿದ್ದುಪಡಿ ಈ ಜಿಲ್ಲೆಯಲ್ಲಿ ಮಾಡಿದ ಬದಲಾವಣೆ ದೊಡ್ಡದು, ‘ಡಿಕ್ಲರೇಶನಿನಲ್ಲಿ ಸಿಕ್ಕಿದ ಜಾಗ’ ಎಂಬ ಮಾತು ಇಂದಿಗೂ ಮನೆಮನೆಯಲ್ಲಿದೆ. ಆದರೆ ಡಿಕ್ಲರೇಶನ್ ಹಾಕಲು ಗೇಣಿ ಕೊಟ್ಟ ಒಕ್ಕಲಾಗಿರಬೇಕಿತ್ತು. ಮೂಲದಾಳು ಗೇಣಿ ಕೊಟ್ಟವನಲ್ಲ, ಪಡಿ ಪಡೆದವನು. ಬಹುಪಾಲು ಆಳುಗಳಿಗೆ ದಕ್ಕಿದ್ದು ಗುಡಿಸಲಿನ ಅಡಿಸ್ಥಳ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಡಿ.ಸಿ. ಮನ್ನಾ ಜಮೀನನ್ನು ಹಂಚಿರೆಂದು ದಲಿತ ಸಂಘಟನೆಗಳು ತಾಲೂಕು ಕಚೇರಿಗಳ ಮುಂದೆ ಈಗಲೂ ಧರಣಿ ಕೂರುತ್ತವೆ. ಜೀತದ ಸಾಲವನ್ನೇ ದೇಶದಾದ್ಯಂತ ರದ್ದು ಮಾಡಿದ ಜೀತ ಪದ್ಧತಿ ನಿರ್ಮೂಲನ ಕಾಯಿದೆ ಬಂದದ್ದು 1976ರಲ್ಲಿ. 1843ರಿಂದ ಅಲ್ಲಿಗೆ 133 ವರ್ಷ.

ಈ ನಡುವಿನ 133 ವರ್ಷಗಳ ಚರಿತ್ರೆ ಸರಕಾರಿ ಕಡತಗಳಲ್ಲಿ ತೆಳುವಾಗಿದೆ. ಅದು ಇರುವುದು ಹಳೆಯ ವರ್ಗದಾರ ಮನೆಗಳ ಲೆಕ್ಕದ ಪುಸ್ತಕಗಳಲ್ಲಿ: ಯಾವ ಆಳಿಗೆ ಯಾವ ಮದುವೆಗೆಂದು ಎಷ್ಟು ಅಕ್ಕಿ ಮುಡಿ, ಎಷ್ಟು ರೂಪಾಯಿ ಕೊಟ್ಟರು, ಅದನ್ನು ಯಾವ ವರ್ಷ ಯಾರು ವಹಿಸಿಕೊಂಡರು. ಪೆರಾಬೆ, ಆಲಂಕಾರು, ರಾಮಕುಂಜ, ಕಡಬದ ಕಡೆ ಮನೆ ಕೆಡವಿ ಹೊಸತು ಕಟ್ಟುತ್ತಿರುವವರು ಅಟ್ಟದ ಮೇಲಿನ ಆ ಪುಸ್ತಕಗಳನ್ನು ಬೆಂಕಿಗೆ ಹಾಕಬೇಡಿ. ಮನೆತನದ ಹೆಸರು ಕೆಡುತ್ತದೆಂಬ ಅಳುಕಿದ್ದರೆ ಹೆಸರಿನ ಪುಟ ಬಿಟ್ಟು ಉಳಿದದ್ದರ ಪ್ರತಿ ಮಾಡಿಕೊಡಿ. ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಾಗಲಿ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗವಾಗಲಿ, ಎಲ್ಲಿಗೆ ತಲುಪಿಸಿದರೂ ಆದೀತು.