ತಲುಪಿತೆಂದು ಹೇಳುವವರು ಯಾರು?

ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದ ಮಾತ್ರಕ್ಕೆ ಅದು ಊರು ತಲುಪಿತೆಂದು ಯಾರೂ ತಿಳಿಯುವುದಿಲ್ಲ. ಆದರೆ ಕಂಪ್ಯೂಟರಿನ ತಂತ್ರಾಂಶಗಳು ಬಹುಕಾಲ ಹಾಗೆಯೇ ತಿಳಿದಿದ್ದವು. ಫೈಲಿಗೆ ಬರೆದದ್ದು ಉಳಿಯಿತೆಂದೇ ಅವುಗಳ ನಂಬಿಕೆ. ಫೈಲು ತನ್ನದೇ ಯಂತ್ರದ ಡಿಸ್ಕಿನಲ್ಲಿದ್ದಾಗ ಈ ನಂಬಿಕೆ ಬಹುಮಟ್ಟಿಗೆ ನಡೆಯಿತು. ಫೈಲು ಇನ್ನೊಂದು ಯಂತ್ರಕ್ಕೆ ಹೋದಾಗ ತೊಡಕು ಶುರುವಾಯಿತು.

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ‘ನೆಟ್‌ವರ್ಕ್ ಫೈಲ್ ಸಿಸ್ಟಮ್’ ಎಂಬ ವ್ಯವಸ್ಥೆಯನ್ನು ರೂಪಿಸಿ, 1985ರಲ್ಲಿ ಅದರ ವಿನ್ಯಾಸವನ್ನು ಪ್ರಬಂಧವೊಂದರಲ್ಲಿ ವಿವರಿಸಿತು. ದೂರದ ಸರ್ವರಿನಲ್ಲಿರುವ ಫೈಲು ಹತ್ತಿರದ ಫೈಲಿನಂತೆಯೇ ಕಾಣಬೇಕು, ಅದಕ್ಕಾಗಿ ಹಳೆಯ ತಂತ್ರಾಂಶಗಳನ್ನು ತಿದ್ದುವಂತಾಗಬಾರದು ಎಂಬುದು ಅದರ ಗುರಿ. ಯಾವ ಯಂತ್ರ ಏನು ಕೇಳಿತ್ತೆಂಬುದನ್ನು ಸರ್ವರ್ ನೆನಪಿಡುತ್ತಿರಲಿಲ್ಲ. ಅದು ಕೆಟ್ಟು ನಿಂತು ಮತ್ತೆ ಎದ್ದರೂ, ಅದೇ ಕೋರಿಕೆಯನ್ನು ಇನ್ನೊಮ್ಮೆ ಕಳುಹಿಸಿದರೆ ಸಾಕಾಗಿತ್ತು.

ಆದರೆ ಸರ್ವರ್ ಏಳದೇ ಇದ್ದರೆ? ಇದಕ್ಕೆ ಎರಡು ದಾರಿಗಳಿದ್ದವು. ‘ಹಾರ್ಡ್ ಮೌಂಟ್’ ಎಂಬ ಕ್ರಮದಲ್ಲಿ ಉತ್ತರ ಬರುವವರೆಗೂ ಯಂತ್ರ ಕೇಳುತ್ತಲೇ ಇರುತ್ತದೆ. ತಂತ್ರಾಂಶಕ್ಕೆ ಯಾವ ಸುದ್ದಿಯೂ ಇಲ್ಲ. ಅದು ಸುಮ್ಮನೆ ನಿಂತುಬಿಡುತ್ತದೆ. ‘ಸಾಫ್ಟ್ ಮೌಂಟ್’ನಲ್ಲಿ ಕೆಲವು ಪ್ರಯತ್ನಗಳ ನಂತರ ‘ಆಗಲಿಲ್ಲ’ ಎಂಬ ಉತ್ತರ ಬರುತ್ತದೆ. ಅಂಥ ಉತ್ತರವನ್ನು ನಿರೀಕ್ಷಿಸದೆ ಬರೆದ ತಂತ್ರಾಂಶಗಳು ಅದನ್ನು ಗಮನಿಸದೆ ಮುಂದೆ ಸಾಗಿದರೆ ಫೈಲು ಅರ್ಧಂಬರ್ಧವಾಗಿ ಉಳಿಯುತ್ತಿತ್ತು. ಈ ಎರಡರಲ್ಲಿ ಯಾವುದು ಬೇಕೆಂಬ ಆಯ್ಕೆಯೂ ತಂತ್ರಾಂಶದ್ದಲ್ಲ, ಯಂತ್ರಗಳ ಮೇಲ್ವಿಚಾರಕನದು.

1994ರಲ್ಲಿ ಸನ್ ಸಂಸ್ಥೆಯವರೇ ಆದ ಜಿಮ್ ವಾಲ್ಡೋ ಮತ್ತು ಸಂಗಡಿಗರು ಈ ಕೊರತೆಯ ಮೂಲವನ್ನು ತೋರಿಸಿದರು. ದೋಷ ಇರುವುದು ಕಟ್ಟಿದ ರೀತಿಯಲ್ಲಲ್ಲ, ದೂರವನ್ನು ಮರೆಮಾಚುವ ವಿನ್ಯಾಸದಲ್ಲೇ ಎಂಬುದು ಅವರ ವಾದ.

1995ರಲ್ಲಿ ಬಂದ ಮೂರನೆಯ ಆವೃತ್ತಿ ಒಂದು ಹೆಜ್ಜೆ ಮುಂದಿಟ್ಟಿತು. ಅದರ ಹಿಂದಿನ ಆವೃತ್ತಿಯಲ್ಲಿ ಪ್ರತಿ ಬರಹವೂ ಡಿಸ್ಕಿಗೆ ಸೇರಿದ ಮೇಲೆಯೇ ಸರ್ವರ್ ಉತ್ತರಿಸಬೇಕಿತ್ತು. ಅದು ಭದ್ರ, ಆದರೆ ನಿಧಾನ. ಹೊಸ ಕ್ರಮದಲ್ಲಿ ಸರ್ವರ್ ಬರಹವನ್ನು ಮೊದಲು ತನ್ನ ಸ್ಮೃತಿಯಲ್ಲಿಟ್ಟುಕೊಂಡು, ‘ಖಾಯಂ ಮಾಡು’ ಎಂದು ಕೇಳಿದಾಗ ಡಿಸ್ಕಿಗೆ ಇಳಿಸಬಹುದು. ಉತ್ತರದ ಜೊತೆ ಒಂದು ಗುರುತಿನ ಸಂಖ್ಯೆಯೂ ಬರುತ್ತದೆ. ನಡುವೆ ಸರ್ವರ್ ನಿಂತು ಮತ್ತೆ ಎದ್ದಿದ್ದರೆ ಆ ಸಂಖ್ಯೆ ಬದಲಾಗುತ್ತದೆ. ಆಗ ಕೇಳಿದ ಯಂತ್ರ ತನ್ನಲ್ಲಿ ಉಳಿಸಿಕೊಂಡ ಪ್ರತಿಯನ್ನು ಮತ್ತೆ ಕಳುಹಿಸುತ್ತದೆ.

ಇದರ ಫಲವಾಗಿ ತಂತ್ರಾಂಶದ ಹೊಣೆಯೂ ಹೆಚ್ಚಿತು. ಡಿಸ್ಕಿನಲ್ಲಿ ಜಾಗವಿಲ್ಲವೆಂಬ ಸುದ್ದಿ ಬರೆಯುವಾಗ ಬರದೆ, ಫೈಲು ಮುಚ್ಚುವಾಗ ಅಥವಾ ‘ಎಫ್‌ಸಿಂಕ್’ ಎಂಬ ಆಜ್ಞೆಯಿಂದ ಬರಹ ಭದ್ರವಾಯಿತೇ ಎಂದು ಕೇಳುವಾಗ ಬರಬಹುದು. ಮುಚ್ಚುವಾಗಿನ ಉತ್ತರವನ್ನು ಪರೀಕ್ಷಿಸದವರಿಗೆ ನಷ್ಟ ತಿಳಿಯುವುದೇ ಇಲ್ಲ.

ಹತ್ತಿರದ ಡಿಸ್ಕೂ ಇದಕ್ಕೆ ಹೊರತಲ್ಲವೆಂದು 2018ರಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಲಿನಕ್ಸ್‌ನಲ್ಲಿ ಒಮ್ಮೆ ‘ಎಫ್‌ಸಿಂಕ್’ ವಿಫಲವಾದ ಮೇಲೆ ಮತ್ತೆ ಕೇಳಿದರೆ, ಬರಹ ಕಳೆದುಹೋಗಿದ್ದರೂ ‘ಆಯಿತು’ ಎಂಬ ಉತ್ತರ ಬರಬಹುದೆಂದು ಪೋಸ್ಟ್‌ಗ್ರೆಸ್ ದತ್ತಸಂಚಯದ ನಿರ್ಮಾತೃಗಳು ಕಂಡುಕೊಂಡರು. ಇಂಥ ದತ್ತಸಂಚಯದಲ್ಲಿ ಒಂದು ಸಾಲು ಸದ್ದಿಲ್ಲದೆ ಕಳೆದರೂ ಯಾರದೋ ಲೆಕ್ಕ ತಪ್ಪುತ್ತದೆ. ಆದ್ದರಿಂದ 2019ರಿಂದ ಅದು ಇಂಥ ವೈಫಲ್ಯ ಕಂಡಕೂಡಲೇ ಕೆಲಸ ನಿಲ್ಲಿಸಿ, ಮೊದಲೇ ಬರೆದಿಟ್ಟ ದಾಖಲೆಯಿಂದ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ. ಮತ್ತೆ ಕೇಳಿ ಸಿಕ್ಕ ‘ಆಯಿತು’ ಎಂಬ ಮಾತನ್ನು ಅದು ಈಗ ನಂಬುವುದಿಲ್ಲ.